ಮೂರನೆಯ ಹಳದಿ ಗೆರೆ

ನರ್ಸಮ್ಮನ ಪುಟ್ಟ ಕಾರು ಮೂರನೆಯ ಸಲ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದರು. ಮೊದಲ ಸಲ ಪ್ಲಗ್ಗು ಬದಲಾಯಿಸಿದ್ದರು, ಎರಡನೆಯ ಸಲ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲು. ಎರಡು ಸಲವೂ “ಇನ್ನು ನಡುಗೋದಿಲ್ಲ, ಧೈರ್ಯವಾಗಿ ಹೋಗಿ” ಎಂದು ಮಾತು ಕೊಟ್ಟಿದ್ದರು.

“ನಿಮ್ಮೆದುರಿಗೆ ತಂದ್ರೆ ಸಾಕು, ಬೆಕ್ಕಿನ ಮರಿ ಆಗಿಬಿಡುತ್ತೆ!” ಎನ್ನುತ್ತಲೇ ನರ್ಸಮ್ಮ ಇಳಿದರು. “ನಿನ್ನೆ ಚೌಕದಲ್ಲಿ ಚಳಿಜ್ವರ ಬಂದ ಹಾಗೆ ನಡುಗಿತು. ಹಿಂದಿನ ಸೀಟಲ್ಲಿ ದಿನ ತುಂಬಿದ ಹೆಂಗಸು. ಹೆದರಿ ನಾನೇ ಎಂಜಿನ್ ಆಫ್ ಮಾಡಿದೆ. ಯಾರದೋ ಗಾಡಿಗೆ ಕೈ ಅಡ್ಡ ಹಾಕಿ ಅವಳನ್ನ ಆಸ್ಪತ್ರೆ ಮುಟ್ಟಿಸೋ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು.”

ಮೇಸ್ತ್ರಿ ತಲೆ ತಗ್ಗಿಸಿದರು. ನರ್ಸಮ್ಮ ದನಿ ಇಳಿಸಿದರು. “ತಪ್ಪು ತಿಳ್ಕೋಬೇಡಿ. ನಿಮ್ಮ ಮಗ ಕೈ ಹಾಕಿದ ಮೇಲೇ ಇದು ಶುರುವಾಗಿದ್ದು. ಹೋದವರ ಬಗ್ಗೆ ಆಡಬಾರದು, ಆದರೂ…”

ಒಳಗೆ ಸ್ಪ್ಯಾನರು ಒರೆಸುತ್ತಿದ್ದ ಸೊಸೆ ಎದ್ದು ಬಂದಳು. ಗಂಡ ಹೋದ ಮೇಲೆ ಅವಳೂ ಈ ಕೆಲಸಕ್ಕೆ ಇಳಿದಿದ್ದಳು. “ಅವರು ಬಿಗಿದ ಬೋಲ್ಟು ಇವತ್ತಿನವರೆಗೂ ಸಡಿಲ ಆಗಿಲ್ಲ, ನರ್ಸಮ್ಮ. ಅದೊಂದು ಮಾತು ಮಾತ್ರ ಬೇಡ.”

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಬೋಲ್ಟು ಬಿಗಿದವರು ಅದರ ತಲೆಯ ಮೇಲಿನಿಂದ ಪಕ್ಕದ ಕಬ್ಬಿಣದವರೆಗೆ ಬಣ್ಣದ ಒಂದು ಗೆರೆ ಎಳೆಯಬೇಕು. ಅಪ್ಪನದು ಬಿಳಿ, ಮಗನದು ಹಳದಿ. ಗೆರೆಯಿದ್ದರೆ ಬೋಲ್ಟು ಬಿಗಿಯಾಗಿದೆ ಎಂದೇ ಅರ್ಥ, ಬೋಲ್ಟು ಸಡಿಲವಾಗಿ ತಿರುಗಿದರೆ ಗೆರೆ ಮುರಿಯುತ್ತದೆ; ಒಬ್ಬರ ಗೆರೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮಗ ತೀರಿ ಏಳು ತಿಂಗಳಾಗಿತ್ತು. ಹಳದಿ ಕಂಡಲ್ಲೆಲ್ಲ ಮೇಸ್ತ್ರಿ ಕಣ್ಣು ತಿರುಗಿಸಿಕೊಂಡು ಬೇರೆ ಕಡೆ ಹುಡುಕುತ್ತಿದ್ದರು.

ಈ ಸಲ ಅವರು ‘ಭಗವಂತಾ, ದಾರಿ ತೋರಿಸು’ ಎಂದು ಬಾನೆಟ್ಟಿಗೆ ಕೈಮುಗಿದು, ನರ್ಸಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಊರು ಸುತ್ತಿದರು. ಎಂಜಿನ್ ಚೆನ್ನಾಗಿ ಕಾದ ಮೇಲೆ, ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ, ಆ ನಡುಕ ಬಂತು. ಸ್ಟೀರಿಂಗ್ ನಡುಗಿತು, ಕನ್ನಡಿ ನಡುಗಿತು. ಸೊಸೆ ಓಡಿಬಂದು ಬಾನೆಟ್ಟು ಎತ್ತಿದಳು. ಎಂಜಿನ್ನಿಗೆ ಭಾರ ಬೀಳಲೆಂದು ಮೇಸ್ತ್ರಿ ಬ್ರೇಕು ಒತ್ತಿ ಹಿಡಿದು ಕ್ಲಚ್ಚನ್ನು ಅರ್ಧ ಬಿಟ್ಟರು.

“ಮಾವ, ಎಂಜಿನ್ನೇ ಎದ್ದೆದ್ದು ಕುಣೀತಿದೆ!”

“ಎಂಜಿನ್ನಿನ ಓಟದಲ್ಲಿ ತಪ್ಪಿಲ್ಲ ಹಾಗಾದ್ರೆ. ಕೂತ ಜಾಗದಲ್ಲಿ ನೆಟ್ಟಗೆ ಕೂತಿಲ್ಲ ಅದು,” ಎಂದರು ಮೇಸ್ತ್ರಿ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ನನ್ನ ಕೆಲಸ.”

ಎಂಜಿನ್ನನ್ನು ಹೊತ್ತು ಕೂರುವುದು ಮೂರು ಫೌಂಡೇಶನ್ ರಬ್ಬರು, ಒಂದೊಂದಕ್ಕೂ ಒಂದು ಬೋಲ್ಟು. ಮೂರನ್ನೂ ಹೊಸದಾಗಿ ಹಾಕಿದವನು ಮಗನೇ. ಸೊಸೆಯ ಮುಖ ಬಿಳುಚಿಕೊಂಡಿತು. ಆದರೂ ಕಾರನ್ನು ಜಾಕಿನ ಮೇಲೆ ಎತ್ತಿ, ಟಾರ್ಚು ಹಿಡಿದು ಮಾವನ ಜೊತೆ ಕೆಳಗೆ ನುಸುಳಿದಳು.

ಎರಡು ಗೆರೆಗಳು ದಾರ ಹಿಡಿದು ಎಳೆದಷ್ಟು ನೇರವಾಗಿದ್ದವು. ಕೆಳಗಿನ ಮೂರನೆಯದರ ಮೇಲೆ ಎಣ್ಣೆ, ಧೂಳು ಮೆತ್ತಿತ್ತು. ಮೇಸ್ತ್ರಿ ಬಟ್ಟೆಯಿಂದ ಒರೆಸಿದರು. ಹಳದಿ ಗೆರೆ ನಡುವೆ ತುಂಡಾಗಿ ಅಕ್ಕಿಕಾಳಿನಷ್ಟು ಸರಿದಿತ್ತು. ಸ್ಪ್ಯಾನರು ಇಟ್ಟರೆ ಬೋಲ್ಟು ಬಾಟಲಿಯ ಮುಚ್ಚಳದ ಹಾಗೆ ತಿರುಗಿತು.

ಸೊಸೆ ಟಾರ್ಚನ್ನು ಮುರಿದ ಗೆರೆಯ ಹತ್ತಿರಕ್ಕೆ ತಂದಳು. “ಅಂದ್ರೆ… ಅವರದೇ ತಪ್ಪಾ, ಮಾವ?”

ಬೋಲ್ಟು ಬಿಗಿದು, ಒಂದು ಮಾತೂ ಆಡದೆ ಹೊರಗೆ ಬರಬಹುದಿತ್ತು. ಸತ್ತವನು ಬಾಯಿ ತೆರೆಯುವುದಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿದರು. ಅವತ್ತು ಮಧ್ಯಾಹ್ನ ಮಗ ಇದೇ ಕಾರಿನ ಕೆಳಗಿಂದ ಎದ್ದು, “ಅಪ್ಪಾ, ಎದೆ ಹಿಡಿದ ಹಾಗಾಗ್ತಿದೆ” ಎಂದು ಕುಸಿದಿದ್ದ. ಆಮೇಲೆ ಏಳಲಿಲ್ಲ.

“ಅವನದಲ್ಲಮ್ಮ,” ಎಂದರು. “ಅವನು ಎರಡಕ್ಕೇ ಗೆರೆ ಎಳೆದಿದ್ದ. ಇದನ್ನ ಕೈಯಲ್ಲಿ ತಿರುಗಿಸಿ ಇಟ್ಟಿದ್ದ, ಅಷ್ಟೇ. ಅವನು ಹೋಗಿ ವಾರದ ಮೇಲೆ ನಾನು ಇಲ್ಲಿ ಮಲಗಿ ನೋಡಿದೆ. ಮಗನ ಕೊನೇ ಕೆಲಸ ಅರ್ಧಕ್ಕೆ ನಿಲ್ಲಬಾರದು ಅನ್ನಿಸ್ತು. ಬಿಗಿದೇ ಇರ್ತಾನೆ ಅಂತ ಸ್ಪ್ಯಾನರೂ ಮುಟ್ಟಿಸದೆ ಅವನ ಬಣ್ಣದಲ್ಲಿ ಗೆರೆ ಎಳೆದೆ. ಸುಳ್ಳು ಗೆರೆ ನನ್ನದು. ಬೈಗುಳ ಅವನಿಗೆ ಬಂತು.”

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಖಕ್ಕೆ ಮಸಿ ಮೆತ್ತಿತು.

ಮೇಸ್ತ್ರಿ ಬೋಲ್ಟನ್ನು ಬಿಗಿದರು. ಮುರಿದ ಗೆರೆಯನ್ನು ಕೆರೆದು ತೆಗೆದು, ಅದರ ಜಾಗದಲ್ಲಿ ಬಿಳಿ ಗೆರೆ ಎಳೆದರು. ಮತ್ತೆ ಅರ್ಧ ಗಂಟೆ ಸುತ್ತಿ ಬಂದರು. ಬ್ರೇಕು ಹಿಡಿದು ಕ್ಲಚ್ಚು ಬಿಟ್ಟರೂ ಕಾರು ನಡುಗಲಿಲ್ಲ.

“ಏನಾಗಿತ್ತು?” ಎಂದರು ನರ್ಸಮ್ಮ.

“ಬೋಲ್ಟು ಸಡಿಲ ಇತ್ತು ತಾಯಿ. ಬಿಟ್ಟವನು ನಾನು. ನನ್ನ ಮಗ ಅಲ್ಲ.”

ನರ್ಸಮ್ಮ ಅವರ ಮುಖ ನೋಡಿ, ಕಾರು ಹತ್ತಿ ಹೊರಟರು. ಕಾರು ತಿರುವು ದಾಟುವವರೆಗೆ ಮಾವ ಸೊಸೆ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು.

“ನೀವು ಹೀಗೆ ಗೆರೆ ಎಳೆದಿದ್ದು ಇದೊಂದೇನಾ, ಮಾವ?”

ಏಳು ತಿಂಗಳಿಂದ ಮೇಸ್ತ್ರಿ ತಮ್ಮನ್ನು ತಾವೇ ಕೇಳಿಕೊಳ್ಳದಿದ್ದ ಪ್ರಶ್ನೆ ಅದು.

“ಆ ವಾರ ಇನ್ನೊಂದು ಗಾಡಿ ಇತ್ತು. ಬೇಕರಿಯವನ ವ್ಯಾನು. ಅದರ ಹಿಂದಿನ ಚಕ್ರದ ಹತ್ತಿರ…”

ಸೊಸೆ ಪೂರ್ತಿ ಕೇಳಲಿಲ್ಲ. ಶೆಲ್ಫಿನ ಮೇಲಿದ್ದ ಹಳದಿ ಬಣ್ಣದ ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು, ಸ್ಪ್ಯಾನರು ಕೈಗೆತ್ತಿಕೊಂಡಳು.

“ಇನ್ನು ಈ ಬಣ್ಣ ನನ್ನ ಹತ್ರ ಇರ್ಲಿ. ನಡೀರಿ. ಬೇಕರಿಯವನು ಗಾಡಿ ಹೊರಡಿಸೋ ಮೊದಲು ಹೋಗೋಣ.”