‘ಬಾ’ ಎನ್ನಬಾರದ ಊರು

ಭದ್ರೆಯ ದಡದ ಮೇಲೆ ಸಂಜೆ ಇಳಿಯುತ್ತಿತ್ತು… ಮಾಘಮಾಸದ ತೆಳುಮಂಜು ನೀರಿನ ಮೇಲೆ ಹಗುರವಾಗಿ ಹಾಸಿಕೊಂಡು, ಆಚೆ ದಂಡೆಯ ಕಬ್ಬಿನ ಗದ್ದೆಗಳನ್ನು ಹಳೆಯ ನೆನಪಿನಂತೆ ಮಸುಕಾಗಿಸಿತ್ತು. ಈಚೆ ದಂಡೆಯಲ್ಲಿ ಗಾಜಿನ ಕಾರ್ಖಾನೆಯ ಕುಲುಮೆ, ಎಂದೂ ಆರದ ಆ ಅಗ್ನಿಕುಂಡ, ಸಾಲುಮನೆಗಳ ಸುಣ್ಣದ ಗೋಡೆಗಳ ಮೇಲೆ ತನ್ನ ಕೆಂಬೆಳಕನ್ನು ಚೆಲ್ಲಿತ್ತು. ಮುಳುಗಿದ ಸೂರ್ಯನಿಗೂ ಆ ಊರು ಬಿಟ್ಟು ಹೋಗಲು ಅಪ್ಪಣೆ ದೊರೆತಿಲ್ಲವೇನೋ ಎನ್ನುವಂತೆ!

ಸಹೃದಯರೇ, ಭದ್ರಾವತಿಗೂ ಮಾಚೇನಹಳ್ಳಿಗೂ ನಡುವೆ ಇದ್ದ ಆ ಸೌಖ್ಯನಗರದಲ್ಲಿ ಹಸಿದವರಿರಲಿಲ್ಲ. ಅಕ್ಕಿ, ಹಾಲು, ಸೌದೆ, ಶಾಲೆ, ಔಷಧಿ ಎಲ್ಲವೂ ಕೇಳುವ ಮೊದಲೇ ಮನೆಬಾಗಿಲಿಗೆ ಬರುತ್ತಿದ್ದವು. ಹೆಣ್ಣುಮಕ್ಕಳಿಗೆ ವರನೂ ಹಾಗೆಯೇ ಬರುತ್ತಿದ್ದ; ಕ್ಷೇಮಸಮಿತಿಯವರು ಕಾರ್ಖಾನೆಯ ಒಳಗಿನವನೊಬ್ಬನನ್ನೇ ಆರಿಸಿ, ಮುಹೂರ್ತವಿಟ್ಟು, ತೆಂಗಿನಕಾಯಿ ಸಮೇತ ಕಳುಹಿಸುತ್ತಿದ್ದರು. ಒಲ್ಲೆನೆಂದವರನ್ನು ಯಾರೂ ಗದರಿಸುತ್ತಿರಲಿಲ್ಲ.

“ಇಲ್ಲಿ ಬೇಲಿ ಇಲ್ಲವಮ್ಮ,” ಎಂದು ಸಮಿತಿಯ ಅಧ್ಯಕ್ಷ ಶಿವಶಂಕರಪ್ಪನವರು, ಊರು ಬಿಡಲು ಹೊರಟ ಶಿಶುವಿಹಾರದ ಟೀಚರ್ ಜಯಶೀಲೆಗೆ ಎಷ್ಟು ಮೃದುವಾಗಿ ಹೇಳಿದ್ದರು! “ಯಾರು ಬೇಕಾದರೂ ಹೋಗಬಹುದು. ಮರಳಿ ಬರುವ ಹಾಗಿಲ್ಲ, ಅಷ್ಟೆ. ಹೋಗುವ ದಿನ ನಿಮ್ಮ ತಂದೆ ಎಲ್ಲರೆದುರು ‘ಹೋಗು’ ಎನ್ನಬೇಕು. ಹಾಗೆಂದರೆ ಅವರ ಮನೆ, ಕೆಲಸ, ನಿಮ್ಮ ತಾಯಿಯ ಆಸ್ಪತ್ರೆಯ ಹಾಸಿಗೆ, ಎಲ್ಲ ಇದ್ದ ಹಾಗೇ ಇರುತ್ತದೆ. ‘ಬಾ’ ಎಂದರೆ ಮಾತ್ರ ಅವರೂ ನಿನ್ನ ಕಡೆಯವರಾಗುತ್ತಾರೆ. ಸಂಜೆಯೊಳಗೆ ಅವರೂ ಹೊರಡಬೇಕಾಗುತ್ತದೆ.”

ಆ ಮೃದುತ್ವವನ್ನು ನೆನೆಯುತ್ತ ಜಯಶೀಲೆ ಈಗ ಆಸ್ಪತ್ರೆಯ ಕಿಟಕಿಯ ಬಳಿ ನಿಂತಿದ್ದಳು. ಬೆಳಗಾದರೆ ಅವಳು ಹೊರಡಬೇಕು. ಹಾಸಿಗೆಯ ಮೇಲೆ ಅವಳ ತಾಯಿ ಈಶ್ವರಮ್ಮ ದಿಂಬಿಗೊರಗಿ ಕುಳಿತಿದ್ದಳು. ಕ್ಷಯ ಅವಳನ್ನು ತಿಂದು ತೆಳ್ಳಗೆ ಮಾಡಿತ್ತು, ನಾಲಗೆಯೊಂದನ್ನು ಬಿಟ್ಟು.

“ಎಲ್ಲಿ, ಇನ್ನೊಂದ್ ಸಲ ಅನ್ನಿ ನೋಡೋಣ,” ಎಂದಳು ಗಂಡನಿಗೆ.

ಕುಲುಮೆಯ ಕೆಲಸಗಾರ ಮಂಜಪ್ಪ ಗಂಟಲು ಸರಿಮಾಡಿಕೊಂಡ. “ಹೋಗಿ…”

“ಅಯ್ಯೋ ನನ್ ಕರ್ಮವೇ! ಹೋಗಿ ಅಲ್ಲ ರೀ, ಹೋಗು! ಕೋಳಿ ಓಡಿಸುವಾಗ ಅಂತೀರಲ್ಲ, ಹಾಗೆ.”

“ಕೋಳಿಗೆ ಅಂದ ಹಾಗೆ ಮಗಳಿಗೆ ಅನ್ನೋಕಾಗುತ್ತೇನೇ ಮಾರಾಯ್ತಿ?”

“ಆಗಬೇಕು. ಮದುವೆಯಾದಾಗಿಂದ ನನ್ನ ಮಾತು ಒಂದೂ ಕೇಳಿಲ್ಲ, ಇದೊಂದಾದ್ರೂ ಕೇಳಿ. ನಾನಂತೂ ಈ ಊರಿನ ಅನ್ನ ತಿಂದೂ ತಿಂದೂ ಮುಗಿದೆ. ಅವಳಾದ್ರೂ ತನಗೆ ಬೇಕಾದ್ದು ಉಣ್ಣಲಿ.”

ಮೂವರೂ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ… ಅದು ನಿಂತ ಮೇಲೆ ಮಂಜಪ್ಪ ಗೋಡೆಯ ಕಡೆ ತಿರುಗಿ, “ಹೋಗು,” ಎಂದ. ಸ್ಪಷ್ಟವಾಗಿ, ಒಣಗಿದ ಕಟ್ಟಿಗೆ ಮುರಿದ ಹಾಗೆ.

ಈ ಸಾಹಸವೆಲ್ಲ ಯಾರಿಗಾಗಿ? ಗಾಜಿನ ಪೆಟ್ಟಿಗೆಗಳನ್ನು ಶಿವಮೊಗ್ಗದ ರೈಲು ನಿಲ್ದಾಣಕ್ಕೆ ಒಯ್ಯುವ, ಹೊರಗಿನ ಲಾರಿ ಡ್ರೈವರ್ ಚೌಡಯ್ಯನಿಗಾಗಿ. ಅವನ ಮುಖದಲ್ಲಿ ಕಾವ್ಯನಾಯಕನ ಲಕ್ಷಣವೇನೂ ಇರಲಿಲ್ಲ. ಆದರೆ ಒಂದು ಮಧ್ಯಾಹ್ನ ಶಿಶುವಿಹಾರದ ಮಕ್ಕಳನ್ನು ದಾಟಿಸಲು ಅವಳು ಲಾರಿಯನ್ನು ತಡೆದಾಗ, ಅವನು ಸುಮ್ಮನೆ ಮಾತಿಗೆಂದು, “ಪೇಟೆಗೆ ಹೋಗ್ತಿದೀನಿ, ನಿಮಗೇನು ಬೇಕು ಟೀಚರಮ್ಮಾ?” ಎಂದು ಕೇಳಿದ್ದ. ಏನು ಬೇಕು! ಇಪ್ಪತ್ತೆರಡು ವರ್ಷಗಳಲ್ಲಿ ಅವಳನ್ನು ಯಾರೂ ಕೇಳಿರದ ಪ್ರಶ್ನೆ. ಬೇಸಗೆಯ ಮೊದಲ ಹನಿಗೆ ನೆಲ ಬೆಚ್ಚುವಂತೆ ಅವಳು ಬೆಚ್ಚಿದಳು. ಮನೆಗೆ ಹೋಗಿ ಹುಡುಕಿದಳು. ಮನಸ್ಸಿನ ಮೂಲೆಮೂಲೆಯಲ್ಲೂ ಒಂದು ‘ಬೇಕು’ ಸಿಗಲಿಲ್ಲ. ಅವನು ಮತ್ತೆ ಬಂದ ದಿನ, ನಾಚಿಕೆಯಿಂದ ನೆಲ ನೋಡುತ್ತ ಹೇಳಿದ್ದಳು: “ಸಕ್ರೆಬೈಲಿನ ಆನೆ ನೋಡಬೇಕು.”

“ಆನೆ ಲಾರಿಯಲ್ಲಿ ಹಿಡಿಸಲ್ವಲ್ಲ ಮಾರಾಯ್ರೇ! ನೀವೇ ಬರಬೇಕಾಗುತ್ತೆ.”

ಪ್ರೇಮವು ಕೆಲವರಲ್ಲಿ ಹುಣ್ಣಿಮೆಯಂತೆ ಉದಿಸುತ್ತದೆ. ಅವಳಲ್ಲಿ ಅದು ಹೀಗೆ, ಒಂದು ಬಯಕೆಯ ಬೆನ್ನುಹತ್ತಿ, ಬಯಸುವುದನ್ನೇ ಕಲಿಯುತ್ತ ಮೂಡಿತು…

ಬೆಳಗಾಯಿತು. ಹೆಬ್ಬಾಗಿಲ ಒಳಗೆ ಊರಿಗೆ ಊರೇ ನೆರೆದಿತ್ತು. ಹೊರಗಿನ ರಸ್ತೆಯಲ್ಲಿ ಚೌಡಯ್ಯನ ಲಾರಿ ನಿಂತಿತ್ತು. ಜಯಶೀಲೆ ತಂದೆಯ ಕಾಲಿಗೆರಗಿ ಎದ್ದಳು. ಕುಲುಮೆಯ ಝಳಕ್ಕೆ ಹುಬ್ಬು ಸುಟ್ಟ ಆ ಮುಖವನ್ನು ನೋಡಲಾರದೆ ನೋಡಿದಳು. “ಬರ್ತೀನಿ” ಎಂಬ ಮಾತು ನಾಲಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದಳು. ಹೊಸ್ತಿಲು ದಾಟಿದಳು.

ಮಂಜಪ್ಪ ಕೈ ಎತ್ತಿದ. ಹೊರಡುವವರಿಗೆ ಬರಿದೆ ‘ಹೋಗು’ ಎಂದು ಅವನಪ್ಪ ಅಂದಿರಲಿಲ್ಲ, ಅಜ್ಜ ಅಂದಿರಲಿಲ್ಲ. ಸಂತೆಗೆ ಹೊರಟವರಿಗೂ, ಮಸಣದಲ್ಲಿ ಮಲಗಿಸಿದವರಿಗೂ ಆ ಮನೆತನ ಒಂದೇ ಮಾತಾಡಿತ್ತು.

“ಹೋಗಿ ಬಾ, ಮಗಾ,” ಎಂದ ಮಂಜಪ್ಪ.

ಶಿವಶಂಕರಪ್ಪನವರು ನಿಜವಾಗಿಯೂ ನೊಂದರು. ಅವರ ಕಣ್ಣು ತೇವವಾದದ್ದನ್ನು ಅವಳು ಕಂಡಳು. ಕಣ್ಣೊರೆಸಿಕೊಂಡು ಅವರು ಹೇಳಿದರು: “ಮಂಜಪ್ಪಾ, ಆಸ್ಪತ್ರೆಗೆ ಸ್ಟ್ರೆಚರ್ ಕಳಿಸುತ್ತೇನೆ.”

ಈಶ್ವರಮ್ಮನನ್ನು ಅದೇ ಲಾರಿಯಲ್ಲಿ, ಗಾಜಿನ ಪೆಟ್ಟಿಗೆಗಳ ನಡುವೆ ಹುಲ್ಲು ಹಾಸಿ ಮಲಗಿಸಿ, ಶಿವಮೊಗ್ಗದ ಹೊಸಮನೆ ಬಡಾವಣೆಯ ಒಂದು ಕೋಣೆಗೆ ತಂದರು. ಅಲ್ಲಿಯೇ, ಅವಳ ಕಣ್ಣೆದುರೇ, ಮದುವೆ ನಡೆಯಿತು. ಚೌಡಯ್ಯ ದಿನವೂ ಔಷಧಿ ಹುಡುಕಿ ಅಲೆದ. ಸಿಕ್ಕ ದಿನ ಸಿಕ್ಕಿತು, ಸಿಗದ ದಿನ ಇಲ್ಲ. ಮುಂಗಾರಿನ ಮೊದಲ ಮಳೆ ಹೆಂಚಿನ ಮೇಲೆ ಸದ್ದು ಮಾಡಿದ ದಿನ ಅವಳ ಕೆಮ್ಮು ಕೇಳಿಸಲಿಲ್ಲ…

ತಿಥಿ ಮುಗಿದ ಮಧ್ಯಾಹ್ನ. ಚೌಡಯ್ಯ ಜಗಲಿಯ ಮೇಲೆ ಹೆಂಡತಿಯಿಂದ ತುಸು ದೂರ ಕುಳಿತಿದ್ದ. ತಾಯಿ ಹೋದ ದಿನದಿಂದ ಅವಳು ಅವನ ಕಡೆ ನೋಡಿರಲಿಲ್ಲ. ನೋಡೆಂದು ಅವನೂ ಕೇಳಿರಲಿಲ್ಲ. ಪಾತ್ರೆ ಬೆಳಗುತ್ತಿದ್ದ ತಂದೆಯ ಬಳಿಗೆ ಎದ್ದುಹೋಗಿ ಜಯಶೀಲೆ ಕೇಳಿದಳು:

“ಅಪ್ಪಾ, ಅವತ್ತು ಬಾಯಿ ತಪ್ಪಿತಾ? ಬೇಕಂತಲೇ ಅಂದ್ಯಾ?”

ಮಂಜಪ್ಪ ಬಹಳ ಹೊತ್ತು ಒಂದೇ ತಂಬಿಗೆಯನ್ನು ತಿಕ್ಕಿದ.

“ನಿಮ್ಮಮ್ಮನೂ ಇದನ್ನೇ ಕೇಳಿದಳು.”

“ಏನಂದೆ?”

“‘ಬೇಕಂತಲೇ ಅಂದೆ’ ಅಂದೆ. ಗಂಡನ ನಾಲಗೆ ಜಾರಿದ್ದಕ್ಕೆ ಸಾಯ್ತಿದೀನಿ ಅಂತ ಅವಳು ಹೋಗೋದು ಬೇಡ ಅನ್ನಿಸ್ತು.”

“ನಂಗೇನು ಹೇಳ್ತೀಯ?”

ಅವನು ತಲೆಯೆತ್ತಿದ. “ನಿಂಗೂ ಅದನ್ನೇ ಹೇಳ್ತೀನಿ, ಮಗಾ.”

ಅವಳು ಹಿಂದಿರುಗಿ, ಗಂಡನ ಪಕ್ಕದಲ್ಲಿ, ನಡುವೆ ಎಡೆಯಿಲ್ಲದೆ ಕುಳಿತಳು. ಅವನ ಕೈಯನ್ನು ತೆಗೆದುಕೊಂಡು ಹಾಗೆಯೇ ಹಿಡಿದುಕೊಂಡಳು. ಆಗ ಅವಳಿಗೆ ಅಳು ಬಂತು.

ಸ್ವಾತಂತ್ರ್ಯದ ಬೆಲೆಯನ್ನು ಬಯಸಿದವರೇ ತೆರುವಂತಿದ್ದರೆ ಅದೆಷ್ಟು ಸುಲಭವಾಗಿರುತ್ತಿತ್ತು! ಅದನ್ನು ಬಹುಪಾಲು ತೆತ್ತವರು ಬೇರೆಯವರು. ತೆತ್ತ ಮೇಲೆ, ಅದು ತಮ್ಮ ಇಚ್ಛೆಯೇ ಆಗಿತ್ತೆಂದು ಸುಳ್ಳು ಹೇಳುವವರೂ ಅವರೇ. ಆ ಸುಳ್ಳನ್ನು ಸುಳ್ಳೆಂದು ಅರಿತೂ ಎರಡು ಕೈಯೊಡ್ಡಿ ತೆಗೆದುಕೊಳ್ಳುವುದು… ಮನುಷ್ಯಹೃದಯಕ್ಕೆ ಅದಕ್ಕಿಂತ ಭಾರವಾದ ಬಿಡುಗಡೆ ಇನ್ನೊಂದಿದೆಯೇ?