ನೂರ ಮೂವತ್ತೆರಡು ಗುಂಡಿಗಳು

ಉರುಳಿತೇ, ಇಲ್ಲ, ಹೊರಗೆ ಲಾರಿ ಹೋಯಿತು, ಮೇಜು ಅಲುಗಿತು ಅಷ್ಟೆ, ಗುಂಡಿ ಅಲ್ಲೇ ಇದೆ, ಕಂದು ಬಣ್ಣದ ಕೋಟಿನ ಗುಂಡಿ, ನಾಲ್ಕು ತೂತು, ಒಂದರ ಅಂಚು ಸೀಳಿದೆ — ಇದೆಲ್ಲ ಶುರುವಾದದ್ದು ಸೋಮವಾರ, ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಬೆಳಗಿನ ಹತ್ತೂವರೆ, ಬಿಸಿಲು ಕಿಟಕಿಯಿಂದಿಳಿದು ಹೊಲಿಗೆ ಮೆಷಿನ್ನಿನ ಚಕ್ರದವರೆಗೆ ಬಂದಿತ್ತು, ಫೋನ್ ಬಡಿದುಕೊಂಡಿತು, ಮೊಮ್ಮಗಳ ಮದುವೆಗೆ ಬರ್ತೀವಿ ಅನ್ನುವವರು ಯಾರೋ ಎಂದು ಗುಂಡಿಯ ಡಬ್ಬಿ ಎಳೆದುಕೊಂಡೇ ಎತ್ತಿದೆ, ಆ ಕಡೆ ಮೊದಲು ಬರೀ ಉಸಿರು, ಆಮೇಲೆ, ಅತ್ತೆ, ನಾನು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ, ಇಪ್ಪತ್ತೆರಡು ವರ್ಷ ಕೇಳದ ಅಳಿಯನ ದನಿ, ಆದರೂ ಕಿವಿಯೊಳಗೆ ನೀರು ನಿಂತ ಹಾಗೆ ಅಲ್ಲೇ ಇತ್ತು, ನನ್ನ ಬಲಗಾಲು ತಾನಾಗಿ ನೆಲದ ಮೇಲೆ ಪೆಡಲ್ ಹುಡುಕಿತು, ಮೆಷಿನ್ನಿನ ಮುಂದೆ ನಾನು ಕೂತಿರಲೇ ಇಲ್ಲ. ಕಾರ್ಡು ಬಂತು ಅತ್ತೆ, ನನ್ನ ಮಗಳೇ ಕೈಯಾರೆ ವಿಳಾಸ ಬರೆದಿದ್ದಾಳೆ, ಅಕ್ಷರ ಚೆನ್ನಾಗಿದೆ, ನನಗೊಂದು ಕುರ್ಚಿ ಹಿಡೀರಿ. ನನ್ನ ಬೆರಳು ಡಬ್ಬಿಯೊಳಗೆ ಗುಂಡಿ ಕೆದಕುತ್ತಿತ್ತು. ಬೇಡ ಅನ್ನೋದಿದ್ರೆ ಶುಕ್ರವಾರ ಆರರೊಳಗೆ ಈ ನಂಬರಿಗೆ ಫೋನ್ ಮಾಡಿ ಬೇಡ ಅನ್ನಿ, ನಿಮ್ಮ ಬಾಯಲ್ಲೇ ಕೇಳ್ಬೇಕು ನಾನು, ಸುಮ್ಮನಿದ್ರೆ ಬಾ ಅಂದ ಹಾಗೆ, ಸುಮ್ಮನಿರೋದ್ರಲ್ಲಿ ನೀವು ಮೊದಲಿಂದ್ಲೂ ಜಾಣರಲ್ವಾ. ನಕ್ಕ. ನಂಬರು ಹೇಳಿದ, ಒಂದೊಂದೇ ಅಂಕಿ, ಮಗುವಿಗೆ ಹೇಳಿಕೊಡುವ ಹಾಗೆ, ಕೈಗೆ ಸಿಕ್ಕಿದ್ದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಡಬ್ಬಿಯ ಮುಚ್ಚಳದ ಮೇಲೇ ಗೀಚಿಕೊಂಡೆ.

ಆರರೊಳಗೆ ಎನ್ನುವುದು ಅವನು ಕಟ್ಟಿದ್ದಲ್ಲ, ನಮ್ಮ ಕಾರ್ಡಿನಲ್ಲೇ ಇತ್ತು, ಶುಕ್ರವಾರ ಸಂಜೆ ಆರು ಗಂಟೆಯೊಳಗೆ ದಯವಿಟ್ಟು ತಿಳಿಸಿ, ತಿಳಿಸದಿದ್ದರೆ ಬರುವುದಿಲ್ಲವೆಂದು ಭಾವಿಸುತ್ತೇವೆ, ಹಾಗಂತ ಮೊಮ್ಮಗಳೇ ಹಾಕಿಸಿದ್ದು, ಛತ್ರದ ಮ್ಯಾನೇಜರಿಗೆ ಆರಕ್ಕೆ ತಲೆಯೆಣಿಕೆ ಕೊಡಬೇಕಂತೆ, ಆಮೇಲೆ ಬಂದವರಿಗೆ ಕುರ್ಚಿಯಿಲ್ಲ. ಊರೆಲ್ಲ ಗೊಣಗಿತು. ನನ್ನ ತಮ್ಮ, ಬಾಯಿಬಡುಕ, ಏನಕ್ಕ ಇದು, ಕರೆಯೋಲೇನಾ ಕೋರ್ಟು ನೋಟಿಸಾ, ವಕೀಲರನ್ನ ಕರ್ಕೊಂಡೇ ಬರ್ಲಾ ಅಂದ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು, ಪಟ್ಟಿ ಬರೆಯುವುದು ನನ್ನಿಂದಾಗದು, ಐವತ್ತು ವರ್ಷ ಊರಿಗೆಲ್ಲ ಅಂಗಿ ಹೊಲಿದ ಕೈ, ಯಾರ ಮೈಗೆ ಯಾವ ಗುಂಡಿ ಎಂಬುದು ಮಾತ್ರ ಮರೆಯುವುದಿಲ್ಲ, ಬರ್ತೀನಿ ಅಂದವರದ್ದೊಂದು ಗುಂಡಿ ದೊಡ್ಡ ಡಬ್ಬಿಯಿಂದ ತೆಗೆದು ಗಾಜಿನ ಬಾಟಲಿಗೆ, ತಮ್ಮನಿಗೆ ಹಿತ್ತಾಳೆಯ ದಪ್ಪನೆಯದು, ಪೋಸ್ಟಿನವನಿಗೆ ಖಾಕಿ, ಅವನು ಕೆಲಸ ಬಿಟ್ಟು ಆರು ವರ್ಷವಾದರೂ ಉತ್ತರವನ್ನು ತಾನೇ ನಡೆದು ತಂದ, ಇನ್ನೊಬ್ಬರ ಕೈಗೆ ಕೊಟ್ಟರೆ ನಂಬಿಕೆಯಿಲ್ಲ ನನಗೆ ಅಂದ, ಮಂಡಿನೋವಿನ ನಾದಿನಿ ಆದ್ರೆ ಬರ್ತೀನಿ ಆಗದಿದ್ರೆ ಇಲ್ಲ ಅಂದದ್ದಕ್ಕೆ ಅರ್ಧ ಮುರಿದ ಗುಂಡಿ. ಮೊಮ್ಮಗಳು ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು ಬಾಟಲಿ ಅಲ್ಲಾಡಿಸಿ ನಗುತ್ತಿದ್ದಳು, ಅಜ್ಜಿ, ನಿನ್ನ ಅತಿಥಿಗಳೆಲ್ಲ ಜಗಳ ಆಡ್ತಿದ್ದಾರೆ ನೋಡು. ನಿನ್ನೆಯ ಲೆಕ್ಕ ನೂರ ಮೂವತ್ತೆರಡು, ಅದರಲ್ಲಿ ಮುತ್ತಿನ ಚಿಪ್ಪಿನ ಸಣ್ಣ ಬಿಳಿ ಗುಂಡಿ ನನ್ನ ಮಗಳದ್ದು, ಮದುಮಗಳ ಅಮ್ಮ, ಮೊಟ್ಟಮೊದಲು ಹಾಕಿದ್ದು ಅದನ್ನೇ, ಬಾಟಲಿಯ ತಳದಲ್ಲಿದೆ. ಕಂದು ಗುಂಡಿ ಬಾಟಲಿಯಲ್ಲಿಲ್ಲ. ಸೋಮವಾರ ಡಬ್ಬಿಯ ತಳದಿಂದ ತೆಗೆದೆ, ಮತ್ತೆ ಒಳಗಿಡಲು ಕೈ ಬರಲಿಲ್ಲ, ಎಸೆಯಲೂ ಬರಲಿಲ್ಲ, ಬಾಟಲಿಯ ಪಕ್ಕದಲ್ಲೇ ಕೂತಿದೆ, ನಾಲ್ಕು ದಿನದಿಂದ ನನ್ನನ್ನೇ ನೋಡುತ್ತಿದೆ, ನಾಲ್ಕು ಕಣ್ಣು.

ಮದುವೆಯಾಗುವ ಈ ಮಗುವಿಗೆ ಏನು ಗೊತ್ತು, ಅಪ್ಪ ಹೋದಾಗ ನಾಲ್ಕು ವರ್ಷ, ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸಿದ್ದಷ್ಟೇ ನೆನಪು, ಅವಳಿಗೆ ಹೇಳಬೇಕಾದವರು ಇಬ್ಬರು, ಅವಳಮ್ಮ ಹೇಳಲಿಲ್ಲ, ನಾನು ಕೇಳಿಯೂ ಕೇಳದವಳ ಹಾಗಿದ್ದೆ, ಅಮ್ಮನಿಗೆ ಗೊತ್ತಾಗದ ಹಾಗೆ ಕಾರ್ಡು ಹಾಕಿದ್ದಾಳೆ ಪಾಪ, ಬರಲಿ ಎಂಬ ಆಸೆ. ಆಗ ಮಗಳು ಅಳಿಯ ಇಬ್ಬರೂ ಹಿಂದಿನ ಕೋಣೆಯಲ್ಲಿ, ನಾನು ಮುಂದಿನ ಕೋಣೆಯಲ್ಲಿ, ನಡುವೆ ಹಲಗೆಯ ಗೋಡೆ, ಸ್ಟೂಲು ಬಿದ್ದ ಸದ್ದು, ಮಗಳ ಮಾತು ಅರ್ಧಕ್ಕೆ ನಿಂತ ಸದ್ದು, ನಾನು ಪೆಡಲ್ ಒತ್ತುತ್ತೇನೆ, ಜೋರಾಗಿ ಒತ್ತುತ್ತೇನೆ, ಬಟ್ಟೆ ಇಲ್ಲದಿದ್ದರೂ ಸೂಜಿ ಓಡುತ್ತದೆ, ಗಂಡ ಹೆಂಡಿರ ಮಧ್ಯೆ ನಾನ್ಯಾರು, ಬೆಳಗಾದರೆ ಸರಿಹೋಗುತ್ತದೆ, ಓಡು, ಓಡು. ಕೊನೆಯ ಸಲ ಮಗಳು ಮುಷ್ಟಿ ಹಿಡಿದು ಬಂದು ಮೆಷಿನ್ನಿನ ಪಕ್ಕ ನಿಂತಳು, ಬಿಚ್ಚಿದಳು, ಕಂದು ಗುಂಡಿ, ಕಿತ್ತ ದಾರ, ದಾರಕ್ಕೆ ಚಿಟಿಕೆಯಷ್ಟು ಬಟ್ಟೆ, ಅಂಗೈಯಲ್ಲಿ ಕೆಂಪಗೆ ಒಂದು ವೃತ್ತ, ನಡುವೆ ನಾಲ್ಕು ಚುಕ್ಕೆ, ಅಷ್ಟು ಬಿಗಿಯಾಗಿ ಹಿಡಿದಿದ್ದಳು. ಅಮ್ಮ, ಇದನ್ನ ಹೊಲಿಸ್ಕೊಂಡು ಬಾ ಅಂದ್ರು. ನಾನು ಅವಳ ಮುಖ ನೋಡಲಿಲ್ಲ. ಅಲ್ಲಿಡು, ಹೊಲೀತೀನಿ ಅಂದೆ. ಅಷ್ಟೇ ಅಂದೆ. ಅವನು ಎರಡು ದಿನ ಬಿಟ್ಟು ಗುಂಡಿಯಿಲ್ಲದ ಕೋಟಿನಲ್ಲೇ ಮನೆ ಬಿಟ್ಟು ಹೋದ, ಬದುಕಿದೆವು ಅಂದುಕೊಂಡೆ.

ಮಂಗಳವಾರ ಮಾಡೋಣ ಅಂದೆ, ಬುಧವಾರ ಅಂದೆ, ಗುರುವಾರ ರಿಸೀವರ್ ಎತ್ತಿ ಇಟ್ಟೆ, ಬೇಡ ಎನ್ನುವುದು ಎರಡೇ ಅಕ್ಷರ, ಗೋಡೆಗೆ ಹೇಳಿ ಅಭ್ಯಾಸ ಮಾಡಿದೆ, ಗೋಡೆಯ ಮುಂದೆ ಬಾಯಿ ಬರುತ್ತದೆ. ಇವತ್ತು ನಾಲ್ಕೂವರೆಗೆ ಮುಚ್ಚಳ ಎಳೆದುಕೊಂಡು ನೋಡುತ್ತೇನೆ, ಕೊನೆಯ ಎರಡು ಅಂಕಿ ಇಲ್ಲ, ಸೀಮೆಸುಣ್ಣ, ಒಗೆದರೆ ಹೋಗಲಿ ಎಂದೇ ಬಟ್ಟೆಗೆ ಹಾಕುವುದು, ನನ್ನ ಅಂಗೈಯ ಬೆವರೇ ನಾಲ್ಕು ದಿನ ಅದನ್ನು ಒರೆಸಿದೆ, ಅಂಗೈ ಬೆಳ್ಳಗಿದೆ. ಏಳು ಇರಬಹುದು, ಒಂದು ಇರಬಹುದು, ಒತ್ತಿದೆ, ಯಾರೋ ಹೆಂಗಸು, ರಾಂಗ್ ನಂಬರಮ್ಮ, ಮತ್ತೆ ಒತ್ತಿದೆ, ಕೆಮ್ಮುವ ಮುದುಕ, ಮತ್ತೆ, ಎತ್ತುವವರಿಲ್ಲ, ಅದು ಅವನೇ ಇದ್ದರೆ, ಎತ್ತದೆ ಕೂತು ನಗುತ್ತಿದ್ದರೆ, ಐದು ಗಂಟೆ, ಮೊದಲ ಸಾಲಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂರುತ್ತಾನೆ, ಮಗಳು ಬಾಗಿಲಲ್ಲಿ ಎಲ್ಲರಿಗೂ ಕೈಮುಗಿಯುತ್ತಾ ಬಂದು ಆ ಕುರ್ಚಿಯ ಮುಂದೆ — ಬಾಗಿಲು. ಬಂದಳು. ಆಸ್ಪತ್ರೆಯ ಲಾಂಡ್ರಿಯ ಸೋಪಿನ ವಾಸನೆ ಅವಳಿಗಿಂತ ಮೊದಲು ಒಳಗೆ ಬರುತ್ತದೆ, ಚೀಲ ಇಟ್ಟಳು, ಕಾಲು ತೊಳೆದಳು, ಎಷ್ಟಾಯ್ತಮ್ಮ ಲೆಕ್ಕ ಎನ್ನುತ್ತಾ ಮೇಜಿನ ಹತ್ತಿರ ಬಂದಳು, ನಾನು ಗುಂಡಿಯ ಮೇಲೆ ಕೈ ಮುಚ್ಚಿದೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮುಚ್ಚದಿದ್ದರೆ ನೋಡುತ್ತಲೇ ಇರಲಿಲ್ಲವೇನೋ. ಮೆಲ್ಲಗೆ ನನ್ನ ಬೆರಳು ಎತ್ತಿದಳು.

ಫೋನ್ ಮಾಡಿದ್ನಾ.

ಹೂಂ. ಮಗು ಕಾರ್ಡು ಹಾಕಿದೆಯಂತೆ. ಬರ್ತಾನಂತೆ.

ಯಾವತ್ತು ಮಾಡಿದ್ದು.

ಸೋಮವಾರ.

ಬೆರಳು ಮಡಿಸಿ ಎಣಿಸಿದಳು. ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. ಅವತ್ತೂ ಮೆಷಿನ್ ಓಡ್ತಾ ಇತ್ತಮ್ಮ, ಗೋಡೆ ಆ ಕಡೆ ನಂಗೂ ಕೇಳಿಸ್ತಿತ್ತು, ಈಗ ನಿಲ್ಲುತ್ತೆ, ಅಮ್ಮ ಎದ್ದು ಬರ್ತಾಳೆ ಅಂತ ಕಾಯ್ತಿದ್ದೆ. ನಿಲ್ಲಲೇ ಇಲ್ಲ. ಒಳಗೆ ಹೋದಳು, ಬೀರುವಿನ ಬಾಗಿಲು, ಪೆಟ್ಟಿಗೆಯ ಎರಡು ಚಿಲಕ, ಒಂದು, ಎರಡು, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಅಂದಳು, ಅಮ್ಮ ಅಪ್ಪ ಅಂತ ಒಬ್ಬರನ್ನ ಆರಿಸು ಅಂತ ಮದುವೆ ಹೊತ್ತಲ್ಲಿ ಅವಳಿಗೆ ಹೇಳಲ್ಲ ನಾನು, ನಾನೇ ಬರಲ್ಲ, ಕೇಳಿದ್ರೆ ಲಾಂಡ್ರೀಲಿ ರಜ ಕೊಡ್ಲಿಲ್ಲ ಅನ್ನು, ಇಲ್ಲ ಏನೂ ಅನ್ಬೇಡ, ಅದು ನಿಂಗೆ ಅಭ್ಯಾಸ ಇದೆ. ಬಾಟಲಿ ಬೋರಲು ಹಾಕಿ ತಳದ ಬಿಳಿ ಗುಂಡಿಯನ್ನು ಹುಡುಕಿ ತೆಗೆದುಕೊಂಡಳು. ಮೆಟ್ಟಿಲು, ಬೀದಿ, ಬಸ್ಸಿನ ಬಾಗಿಲು ಹಾಕಿಕೊಂಡ ಸದ್ದು, ಏಳಬೇಕು, ಓಡಬೇಕು, ಕಾಲು ನೆಲದ ಮೇಲೆ ಪೆಡಲ್ ಒತ್ತುತ್ತಿದೆ. ಫೋನ್. ಆರು ಗಂಟೆ. ಅಜ್ಜಿ, ಮ್ಯಾನೇಜರ್ ಮುಂದೇನೇ ನಿಂತಿದ್ದೀನಿ, ಎಷ್ಟು ಹೇಳ್ಲಿ, ಅಜ್ಜಿ, ಬೇರೆ ಯಾರದ್ದಾದ್ರೂ ಫೋನ್ ಬಂದಿತ್ತಾ, ಅಜ್ಜಿ. ಮೇಜಿನ ತುಂಬ ಗುಂಡಿ, ಬಿಳಿಯದೊಂದು ಹೋಯಿತು, ಕಂದು ಒಂದು ಬಂತು, ಒಂದು ಕಳೆದು ಒಂದು ಕೂಡಿಸಿದರೆ ಅದೇ ನೂರ ಮೂವತ್ತೆರಡು, ಲೆಕ್ಕ ತಪ್ಪಿಲ್ಲ, ಅಜ್ಜಿ, ಕೇಳಿಸ್ತಿದೆಯಾ, ಕೇಳಿಸುತ್ತಿದೆ, ಹೊರಟವಳು ನನ್ನ ಮಗಳು, ಶುಕ್ರವಾರ, ಮುಷ್ಟಿ ಬಿಚ್ಚುತ್ತೇನೆ, ಒಳಗೆ ಕಂದು ಗುಂಡಿ, ಸುಣ್ಣ ಹತ್ತಿದ ಅಂಗೈ, ಕೆಂಪು ವೃತ್ತ, ನಾಲ್ಕು ಚುಕ್ಕೆ.