ಗಾಜಿನ ಮೇಲಿನ ಕಡಲು

“ಒರೆಸ್ಬೇಡಿ ಚಿಕ್ಕಪ್ಪ,” ಎಂದು ಭಾನುಪ್ರಿಯ ಅಡ್ಡ ಬಂದಳು. ದೇವರಾಜು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮೇಜಿನ ಮೇಲಿದ್ದ ಗಾಜಿನತ್ತ ಚಾಚಿದ್ದ. ಅವನ ಅಣ್ಣ ನಂಜುಂಡಯ್ಯನವರ ಹೆಣ ಹೊರಗೆ ಜಗುಲಿಯ ಮೇಲಿತ್ತು. ತಮ್ಮನಿಗೆ ಮಾತ್ರ, ಪಾರ್ಟಿಯವರು ತರುವ ಹಾರ ಇಡಲು ಮೇಜು ಬೇಕಾಗಿತ್ತು.

“ಹೆಣ ಎತ್ತುದ್ಮೇಲೆ ಮನೆ ಎಲ್ಲಾ ತೊಳೀತಾರೆ ಕಣವ್ವ. ಈ ಮಸಿ ಗಾಜೇನು ದೇವ್ರ ಪಟವಾ?”

“ಅಪ್ಪ ನೆನ್ನೆ ಸಂಜೆ ಬರೆದಿಟ್ಟಿದ್ದು. ಮಸಿ ಇನ್ನೂ ಹಸಿ ಐತೆ. ಈಗ್ಲೇ ಕಾಗ್ದ ಒತ್ತುದ್ರೆ ಚಿತ್ರ ಬರುತ್ತೆ. ಒಣಗುದ್ರೆ ಇಲ್ಲ.”

“ಫೋಟೋ ತಕ್ಕೊಂಡಿದೀನಿ ಬುಡು. ಬೇಕಾದ್ರೆ ಹತ್ತು ಫ್ಲೆಕ್ಸ್ ಹೊಡುಸ್ತೀನಿ.”

ಫ್ಲೆಕ್ಸ್ ಎಂದರೆ ಅವನಿಗೆ ಪಂಚಪ್ರಾಣ. ಅಣ್ಣನ ಶ್ರದ್ಧಾಂಜಲಿಯದ್ದು ಆಗಲೇ ಹೊಂಗನೂರಿನ ಬಸ್‌ಸ್ಟಾಪಿನಲ್ಲಿ ನಿಂತಿತ್ತು. ಅದರಲ್ಲಿ ಸತ್ತವರಿಗಿಂತ ಅವನ ಮುಖವೇ ದೊಡ್ಡದು. ಬದುಕಿರುವಷ್ಟು ದಿನ ‘ಮಸಿಮೇಷ್ಟ್ರು’ ಎಂದು ಆಡಿಕೊಂಡ ಬಾಯಿಗಳೇ ಈಗ ಶಾಮಿಯಾನದ ಕೆಳಗೆ ಕಾಫಿ ಹೀರುತ್ತಾ ‘ಮಹಾನ್ ಕಲಾವಿದ’ ಎನ್ನುತ್ತಿದ್ದವು. ಥೂ, ಇವರ ನಾಲಗೆಗೆ ಮೂಳೆಯೇ ಇಲ್ಲ ಎನಿಸಿತು ಭಾನುಪ್ರಿಯಳಿಗೆ.

*

ಡ್ರಾಯಿಂಗ್ ಮೇಷ್ಟ್ರು ನಂಜುಂಡಯ್ಯ ವರ್ಷಕ್ಕೊಮ್ಮೆ ಬಸ್ಸು ಹತ್ತಿ, ಕುಮಟಾದ ಆಚೆ ಯಾರೂ ಸುಳಿಯದ ಬಂಡೆಗಳ ದಡದಲ್ಲಿ ಕೂತು ಬರುತ್ತಿದ್ದರು. ಆಮೇಲೆ ಗಾಜಿಗೆ ಮಸಿ ಬಳಿದು, ಚಿಂದಿಯಿಂದ ಅಲ್ಲಲ್ಲಿ ಒರೆಸಿ ಅಲೆ ಎಬ್ಬಿಸಿ, ಮೇಲೆ ಕಾಗದ ಹಾಸಿ ಉಜ್ಜುವರು. ಒಂದು ಸಲ ಮಸಿ ಬಳಿದರೆ ಒಂದೇ ಚಿತ್ರ.

“ಒಂದೇ ಬರೋದಾದ್ರೆ ಅಚ್ಚು ಯಾಕೆ ಮೇಷ್ಟ್ರೇ?” ಎಂದು ನಂಟರು ಕಿಸಿಯುತ್ತಿದ್ದರು. ಹೆಂಡತಿ ಹನುಮಂತಮ್ಮ ನಗುತ್ತಲೂ ಇರಲಿಲ್ಲ. “ರೇಷ್ಮೆಹುಳಕ್ಕೆ ಸೊಪ್ಪು ಹಾಕೋರಿಲ್ಲ, ಇವ್ರಿಗೆ ಸಮುದ್ರ ಬೇಕಂತೆ,” ಎಂದು ಮೂತಿ ತಿರುವುವಳು. ಗಂಡ ಚಿತ್ರ ಬರೆಯುವ ಕೋಣೆಗೆ ಅವಳು ಒಂದು ದಿನವೂ ಕಾಲಿಟ್ಟವಳಲ್ಲ.

*

“ಅಮ್ಮ, ನೀನಾದ್ರೂ ಹೇಳು,” ಎಂದು ಭಾನುಪ್ರಿಯ ಜಗುಲಿಯತ್ತ ಕೂಗಿದಳು.

ಹನುಮಂತಮ್ಮ ಹೆಣದ ಪಕ್ಕದಿಂದ ಎದ್ದು ಆ ಕೋಣೆಯೊಳಗೆ ಬಂದಳು. ಗಾಜನ್ನು ನೋಡಿದಳು. ಕಪ್ಪು ಬಂಡೆ, ಅದಕ್ಕೆ ಬಡಿದು ಒಡೆಯುವ ನೀರು.

“ಒಂದು ದೋಣಿ ಇಲ್ಲ, ಒಂದು ನರಪಿಳ್ಳೆ ಇಲ್ಲ. ಇದ್ಕಾ ಅಷ್ಟು ದೂರ ಹೋಗ್ತಿದ್ದಿದ್ದು?” ಎಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ಕಾಗ್ದ ತತ್ತಾ,” ಎಂದಳು.

“ಅತ್ತಿಗೆ, ಸೂತಕದ ಮನೇಲಿ ಇದೆಂಥ ಆಟ? ಜನ ಏನಂದಾರು?”

“ಜನ ಕಾಫಿ ಕುಡೀತಾವ್ರೆ. ನೀನೂ ಹೋಗಿ ಒಸಿ ಕುಡಿ.”

ಭಾನುಪ್ರಿಯ ಒದ್ದೆ ಮಾಡಿದ ಕಾಗದ ಹಾಸಿದಳು. ಹನುಮಂತಮ್ಮ ಅವಳನ್ನು ಸರಿಸಿ, ರೊಟ್ಟಿ ತಟ್ಟುವ ಅಂಗೈಯನ್ನು ಊರಿ ಇಡೀ ಕಾಗದವನ್ನು ಉಜ್ಜಿದಳು. ಅಂಚು ಹಿಡಿದು ಎತ್ತುವಾಗ ಅವಳ ಬೆರಳೆಲ್ಲ ಮಸಿಯಾಯಿತು. ಕಡಲು ಬಂದಿತ್ತು. ಮಗಳು ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು.

ಹೊರಗೆ ಯಾರೋ ಬಾಯಿಗೆ ಅಕ್ಕಿ ಹಾಕಲು ಕರೆದರು. ಹನುಮಂತಮ್ಮ ಹೋಗಿ ತಟ್ಟೆಗೆ ಕೈ ಹಾಕಿದಳು.

“ಮೊದ್ಲು ಕೈ ತೊಳ್ಕಳಿ ಅತ್ತಿಗೆ,” ಎಂದು ದೇವರಾಜು ಮುಖ ಸಿಂಡರಿಸಿದ.

“ಇದು ತೊಳುದ್ರೆ ಹೋಗಲ್ಲ ಕಣಪ್ಪ. ಮದ್ವೆ ಆದಾಗಿಂದ ಇವ್ರ ಅಂಗಿ ಒಗ್ದಿರೋಳು ನಾನು.”

ಅಕ್ಕಿ ಬಾಯಿಯೊಳಗೆ ನಿಲ್ಲದೆ ಜಾರಿತು. ಅವಳು ಕಾಳುಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿದಳು. ಕೈ ತೆಗೆದಾಗ ಗಂಡನ ಕೆಳತುಟಿಯ ಮೇಲೆ ಅವಳ ಬೆರಳಿನ ಗೆರೆಗಳು ಒಂದೊಂದೂ ಕಪ್ಪಗೆ ಮೂಡಿದ್ದವು.